ಅಮೆರಿಕದ ಆಡಳಿತ ವ್ಯವಸ್ಥೆ: ಒಂದು ಕ್ರೈಸ್ತ ನೋಟ

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಅಮೆರಿಕ ಸಂಯುಕ್ತ ಸಂಸ್ಥಾನದ ಆಡಳಿತ ವ್ಯವಸ್ಥೆಯ ಮೂಲಾಂಶಗಳನ್ನು ಕ್ರೈಸ್ತ ದೃಷ್ಟಿಯಿಂದ ಪರಿಶೀಲಿಸುವುದು ಇಂದಿನ ನನ್ನ ಉಪನ್ಯಾಸದ ಉದ್ದೇಶ. ಈ ಸಭೆಯಲ್ಲಿರುವ ಹಲವರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ಅಲ್ಲಿನ ಚುನಾವಣೆಯ ಸುದ್ದಿಯನ್ನು ನಾವು ನಮ್ಮ ಊರಿನ ಪುರಸಭೆಯ ಸುದ್ದಿಯಷ್ಟೇ ಆಸಕ್ತಿಯಿಂದ ಓದುತ್ತೇವೆ. ಆದರೆ ಆ ವ್ಯವಸ್ಥೆಯ ಒಳಗಟ್ಟು ಎಂಥದು, ಅದರ ಬೆನ್ನಿಗಿರುವ ನಂಬಿಕೆಗಳು ಯಾವುವು ಎಂಬುದು ದಿನದ ಸುದ್ದಿಯಲ್ಲಿ ಕಾಣಿಸುವುದಿಲ್ಲ. ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿ ಆ ಶ್ರದ್ಧೆಯಲ್ಲಿ ಬೆಳೆದವನು. ವೃತ್ತಿಯಿಂದ ಕೇಂದ್ರ ಸರ್ಕಾರದ ಅಧಿಕಾರಿ. ಆದುದರಿಂದ ಶ್ರದ್ಧೆ ಮತ್ತು ಪ್ರಭುತ್ವಗಳ ಸಂಬಂಧ ನನ್ನ ಮಟ್ಟಿಗೆ ಕೇವಲ ಪುಸ್ತಕದ ಪ್ರಶ್ನೆಯಲ್ಲ.

ಒಂದು ವಿರೋಧಾಭಾಸದಿಂದ ಪ್ರಾರಂಭಿಸುತ್ತೇನೆ. ಅಮೆರಿಕದ ನಾಣ್ಯದ ಮೇಲೆ, ದೇವರಲ್ಲಿ ತಮಗೆ ಭರವಸೆಯಿದೆ ಎಂಬರ್ಥದ ವಾಕ್ಯ 1864ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. 1956ರಲ್ಲಿ ಅದೇ ವಾಕ್ಯ ಕಾನೂನಿನ ಮೂಲಕ ರಾಷ್ಟ್ರದ ಧ್ಯೇಯವಾಕ್ಯವಾಯಿತು. ಆದರೆ 1787ರಲ್ಲಿ ಫಿಲಡೆಲ್ಫಿಯದಲ್ಲಿ ರಚಿತವಾದ ಆ ದೇಶದ ಸಂವಿಧಾನದಲ್ಲಿ, ಕೊನೆಯ ತಾರೀಖಿನ ಸಾಲಿನಲ್ಲಿ ಬರುವ ವಾಡಿಕೆಯ ಪದಪ್ರಯೋಗವೊಂದನ್ನು ಬಿಟ್ಟರೆ, ದೇವರ ಪ್ರಸ್ತಾಪವೇ ಇಲ್ಲ. ಅಷ್ಟೇ ಅಲ್ಲ, 1797ರಲ್ಲಿ ಟ್ರಿಪೊಲಿಯೊಡನೆ ಮಾಡಿಕೊಂಡ ಒಪ್ಪಂದದ ಹನ್ನೊಂದನೆಯ ಕಲಮು, ಅಮೆರಿಕದ ಸರ್ಕಾರವು ಯಾವ ಅರ್ಥದಲ್ಲಿಯೂ ಕ್ರೈಸ್ತ ಧರ್ಮದ ಮೇಲೆ ಸ್ಥಾಪಿತವಾದುದಲ್ಲ ಎಂದು ಸಾರುತ್ತದೆ. ಸೆನೆಟ್ ಅದನ್ನು ಸರ್ವಾನುಮತದಿಂದ ಒಪ್ಪಿತು. ಅಧ್ಯಕ್ಷ ಜಾನ್ ಆಡಮ್ಸ್ ಸಹಿ ಹಾಕಿದ. ಹಾಗಾದರೆ ಅಮೆರಿಕ ಕ್ರೈಸ್ತ ರಾಷ್ಟ್ರವೇ, ಅಲ್ಲವೇ? ಈ ಪ್ರಶ್ನೆಗೆ ಅಲ್ಲಿಯ ಜನರೇ ಎರಡು ಪಂಗಡಗಳಾಗಿ ಉತ್ತರಿಸುತ್ತಿದ್ದಾರೆ.

ನನ್ನ ಪ್ರತಿಪಾದನೆ ಇಷ್ಟು: ಅಮೆರಿಕದ ಪ್ರಭುತ್ವ ಕ್ರೈಸ್ತ ಪ್ರಭುತ್ವವಲ್ಲ, ಆದರೆ ಅದು ಹಾಗಿರಬಾರದೆಂದು ಹಟ ಹಿಡಿದವರಲ್ಲಿ ಶ್ರದ್ಧಾವಂತ ಕ್ರೈಸ್ತರು ಮುಂಚೂಣಿಯಲ್ಲಿದ್ದರು. ಈ ಎರಡು ಮಾತುಗಳನ್ನು ಒಟ್ಟಿಗೆ ಗ್ರಹಿಸಿದಾಗಲೇ ಆ ವ್ಯವಸ್ಥೆ ಅರ್ಥವಾಗುತ್ತದೆ.

ಮೂರು ನಂಬಿಕೆಗಳು

ಕ್ರೈಸ್ತ ಧರ್ಮವು ಮನುಷ್ಯನನ್ನು ಕುರಿತು ಹೇಳುವ ಮಾತುಗಳಲ್ಲಿ ಮೂರು ರಾಜ್ಯಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು, ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಎಂಬುದು. ಅರಸನಾಗಲಿ ಆಳಾಗಲಿ ಈ ಸ್ವರೂಪದಲ್ಲಿ ಹೆಚ್ಚು ಕಡಿಮೆಯಿಲ್ಲ. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯು ಮನುಷ್ಯನ ಹಕ್ಕುಗಳು ಸೃಷ್ಟಿಕರ್ತನಿಂದ ಬಂದವೆಂದೂ ಅವುಗಳ ರಕ್ಷಣೆಗಾಗಿ ಪ್ರಜೆಗಳ ಸಮ್ಮತಿಯಿಂದ ಸರ್ಕಾರಗಳು ಏರ್ಪಟ್ಟಿವೆಯೆಂದೂ ಹೇಳುವುದು ಈ ತಳಹದಿಯ ಮೇಲೆ. ಅದನ್ನು ಬರೆದ ಥಾಮಸ್ ಜೆಫರ್ಸನ್ ಸಾಂಪ್ರದಾಯಿಕ ಅರ್ಥದ ಕ್ರೈಸ್ತನಲ್ಲ. ಪವಾಡಗಳನ್ನು ಆತ ಒಪ್ಪುತ್ತಿರಲಿಲ್ಲ. ಆದರೂ ಹಕ್ಕು ಸರ್ಕಾರದ ಕೊಡುಗೆಯಲ್ಲ, ಸರ್ಕಾರಕ್ಕಿಂತ ಮೊದಲೇ ಇದ್ದುದು ಎಂಬ ವಿಚಾರ ಅವನ ಶ್ರೋತೃಗಳಿಗೆ ಚರ್ಚಿನ ಪ್ರವಚನಗಳ ಮೂಲಕ ಪರಿಚಿತವಾಗಿತ್ತು. ಕೊಟ್ಟವನೇ ಕಿತ್ತುಕೊಳ್ಳಬಲ್ಲ, ಸರ್ಕಾರ ಕೊಡದೆ ಇದ್ದುದನ್ನು ಸರ್ಕಾರ ಕಿತ್ತುಕೊಳ್ಳಲಾಗದು. ಇದು ಅಲ್ಲಿನ ಪೌರನೀತಿಯ ಮೊದಲ ಪಾಠ.

ಎರಡನೆಯದು, ಅದೇ ಮನುಷ್ಯ ಪಾಪಕ್ಕೆ ಈಡಾದವನು ಎಂಬುದು. ಇದನ್ನು ಕೇಳಿದೊಡನೆ ಕೆಲವರಿಗೆ ನಿರಾಶಾವಾದದಂತೆ ತೋರಬಹುದು. ಆದರೆ ರಾಜ್ಯಾಂಗ ರಚನೆಯಲ್ಲಿ ಇದಕ್ಕಿಂತ ಪ್ರಯೋಜನಕಾರಿಯಾದ ತತ್ತ್ವ ಮತ್ತೊಂದಿಲ್ಲ. ಸತ್ಯವೇದದಲ್ಲಿ ಇಸ್ರಾಯೇಲ್ಯರು ತಮಗೂ ಒಬ್ಬ ಅರಸ ಬೇಕೆಂದು ಕೇಳಿದಾಗ, ಪ್ರವಾದಿ ಸಮುವೇಲನು, ಆ ಅರಸ ನಿಮ್ಮ ಮಕ್ಕಳನ್ನೂ ಹೊಲಗಳನ್ನೂ ಕಸಿದುಕೊಳ್ಳುವನೆಂದು ಎಚ್ಚರಿಸುತ್ತಾನೆ. ದೇವರಿಗೆ ಪ್ರಿಯನಾದ ದಾವೀದನೇ ಪರರ ಹೆಂಡತಿಯನ್ನು ಅಪಹರಿಸಿ ಅವಳ ಗಂಡನನ್ನು ಕೊಲ್ಲಿಸಿದ. ದಾವೀದನಂಥವನೇ ಹಾಗೆ ಮಾಡಿದ ಮೇಲೆ ಉಳಿದವರ ಪಾಡೇನು? ಬೇಲಿಯೇ ಎದ್ದು ಹೊಲ ಮೇಯುವುದನ್ನು ಅಪರೂಪದ ಅಪಘಾತವೆಂದು ಭಾವಿಸದೆ, ಸದಾ ಸಂಭವನೀಯವೆಂದು ಎಣಿಸಿ, ಬೇಲಿಗೂ ಬೇಲಿ ಹಾಕಬೇಕೆಂಬುದು ಈ ನಂಬಿಕೆಯ ರಾಜಕೀಯ ಫಲಿತಾರ್ಥ.

ಮೂರನೆಯದು, ಮನಸ್ಸಾಕ್ಷಿಯ ಮೇಲೆ ದೇವರ ಅಧಿಕಾರವಲ್ಲದೆ ಬೇರಾರ ಅಧಿಕಾರವೂ ಇಲ್ಲವೆಂಬುದು. ತೆರಿಗೆಯ ನಾಣ್ಯವನ್ನು ತೋರಿಸಿ ಯೇಸು ನೀಡಿದ ಉತ್ತರ ಪ್ರಸಿದ್ಧವಾಗಿದೆ: ಚಕ್ರವರ್ತಿಗೆ ಸಲ್ಲತಕ್ಕದ್ದು ಬೇರೆ, ದೇವರಿಗೆ ಸಲ್ಲತಕ್ಕದ್ದು ಬೇರೆ. ಚಕ್ರವರ್ತಿಯ ಮುದ್ರೆ ನಾಣ್ಯದ ಮೇಲಿದೆ. ದೇವರ ಮುದ್ರೆ ಮನುಷ್ಯನ ಮೇಲಿದೆ. ನಾಣ್ಯವನ್ನು ಅರಸ ಕೇಳಬಹುದು, ಮನಸ್ಸನ್ನು ಕೇಳಲಾಗದು.

ಈ ಮೂರೂ ನಂಬಿಕೆಗಳು ಅಮೆರಿಕದ ಸಂಸ್ಥೆಗಳಲ್ಲಿ ಹೇಗೆ ರೂಪ ತಳೆದವು, ಎಲ್ಲಿ ಸೋತವು ಎಂಬುದನ್ನು ಇನ್ನು ನೋಡೋಣ.

ಒಡಂಬಡಿಕೆಯಿಂದ ಸಂವಿಧಾನಕ್ಕೆ

1620ರಲ್ಲಿ ‘ಮೇಫ್ಲವರ್’ ಎಂಬ ಹಡಗಿನಲ್ಲಿ ಬಂದ ಇಂಗ್ಲಿಷ್ ಯಾತ್ರಿಕರು ಇನ್ನೂ ಹಡಗಿನಲ್ಲಿರುವಾಗಲೇ ಒಂದು ಒಡಂಬಡಿಕೆಗೆ ಸಹಿ ಹಾಕಿದರು. 41 ಗಂಡಸರು, ದೇವರ ಸನ್ನಿಧಿಯಲ್ಲಿ, ತಾವೆಲ್ಲರೂ ಒಂದು ರಾಜಕೀಯ ಸಮುದಾಯವಾಗಿ ಒಗ್ಗೂಡಿ ನ್ಯಾಯವಾದ ಕಾನೂನುಗಳಿಗೆ ಒಳಪಡುವುದಾಗಿ ಒಪ್ಪಿಕೊಂಡರು. ‘ಒಡಂಬಡಿಕೆ’ ಸತ್ಯವೇದದ ಶಬ್ದ. ದೇವರಿಗೂ ಜನರಿಗೂ ನಡುವೆ ಇದ್ದ ಕರಾರನ್ನು ಇವರು ಜನರ ನಡುವಿನ ಕರಾರನ್ನಾಗಿ ವಿಸ್ತರಿಸಿದರು. ನ್ಯೂ ಇಂಗ್ಲೆಂಡಿನ ಚರ್ಚುಗಳಲ್ಲಿ ಸದಸ್ಯರೇ ತಮ್ಮ ಸಭಾಪಾಲಕನನ್ನು ಆರಿಸಿಕೊಳ್ಳುತ್ತಿದ್ದರು. ಊರಿನ ವ್ಯವಹಾರವನ್ನು ಊರವರೇ ಕೂಡಿ ತೀರ್ಮಾನಿಸುವ ಅಲ್ಲಿನ ಪಟ್ಟಣ ಸಭೆಗೂ ಈ ಪದ್ಧತಿಗೂ ಹತ್ತಿರದ ನಂಟಿದೆ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ತಮ್ಮ ನಂಬಿಕೆಯ ಸ್ವಾತಂತ್ರ್ಯಕ್ಕಾಗಿ ಸಮುದ್ರ ದಾಟಿ ಬಂದ ಪ್ಯೂರಿಟನ್ನರು ಮ್ಯಾಸಚೂಸೆಟ್ಸಿನಲ್ಲಿ ಅಧಿಕಾರ ಕೈಗೆ ಬಂದೊಡನೆ ಪರರ ನಂಬಿಕೆಯ ಸ್ವಾತಂತ್ರ್ಯವನ್ನು ನಿರಾಕರಿಸಿದರು. ಸರ್ಕಾರಕ್ಕೆ ಜನರ ಧಾರ್ಮಿಕ ವಿಶ್ವಾಸವನ್ನು ದಂಡಿಸುವ ಅಧಿಕಾರವಿಲ್ಲವೆಂದು ಬೋಧಿಸಿದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿಗೆ 1635ರಲ್ಲಿ ಗಡೀಪಾರಿನ ಶಿಕ್ಷೆಯಾಯಿತು. ಆತ ಚಳಿಗಾಲದಲ್ಲಿ ಕಾಡಿಗೆ ಹೊರಟು 1636ರಲ್ಲಿ ಪ್ರಾವಿಡೆನ್ಸ್ ಎಂಬ ಊರನ್ನು ಸ್ಥಾಪಿಸಿದ. ಅದೇ ಮುಂದೆ ರೋಡ್ ಐಲೆಂಡ್ ಸಂಸ್ಥಾನವಾಯಿತು. ಕ್ವೇಕರ್ ಪಂಥದ ಮೇರಿ ಡಯರ್ ಎಂಬ ಮಹಿಳೆ, ಹೊರಗಟ್ಟಿದರೂ ಮರಳಿ ಬಂದಳೆಂಬ ಕಾರಣಕ್ಕೆ, 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿದಳು. ಗಲ್ಲಿಗೆ ಹಾಕಿದವರೂ ಕ್ರೈಸ್ತರೇ, ಗಲ್ಲಿಗೇರಿದವಳೂ ಕ್ರೈಸ್ತಳೇ.

ಚರ್ಚನ್ನು ಪ್ರಭುತ್ವದಿಂದ ದೂರವಿಡಬೇಕೆಂದು ವಿಲಿಯಮ್ಸ್ ವಾದಿಸಿದ್ದು ಧರ್ಮದ ಮೇಲಿನ ಉದಾಸೀನದಿಂದಲ್ಲ. ಬಲವಂತದಿಂದ ಪ್ರಾರ್ಥನೆ ಮಾಡಿಸಿದರೆ ಅದು ದೇವರಿಗೆ ಅಪಮಾನವೆಂದು ಆತ ತಿಳಿದಿದ್ದ. ಚರ್ಚು ಒಂದು ತೋಟ, ಲೋಕ ಒಂದು ಅಡವಿ. ನಡುವಿನ ಬೇಲಿ ಮುರಿದರೆ ಕೆಡುವುದು ತೋಟವೇ ಎಂಬುದು ಅವನ ವಾದದ ತಿರುಳು.

ಅಧಿಕಾರದ ಮೂರು ಕವಲು

ಈಗ ಯಂತ್ರರಚನೆಗೆ ಬರೋಣ. ಸಂವಿಧಾನದ ಮುಖ್ಯ ಶಿಲ್ಪಿ ಜೇಮ್ಸ್ ಮ್ಯಾಡಿಸನ್ ಓದಿದ್ದು ಪ್ರಿನ್ಸ್‌ಟನ್ನಿನ ಕಾಲೇಜಿನಲ್ಲಿ, ಜಾನ್ ವಿದರ್‌ಸ್ಪೂನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಯ ಕೈಕೆಳಗೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಪಾದ್ರಿವೃತ್ತಿಯಲ್ಲಿದ್ದವನು ಈ ವಿದರ್‌ಸ್ಪೂನ್ ಒಬ್ಬನೇ. ಮನುಷ್ಯ ಸ್ವಭಾವದ ದೌರ್ಬಲ್ಯವನ್ನು ಮರೆಯಬಾರದೆಂಬ ಪಾಠ ಮ್ಯಾಡಿಸನ್ನನಿಗೆ ಅಲ್ಲಿ ದೊರೆಯಿತು. ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಧಿಕಾರ ವಿಭಜನೆಯ ಸೂತ್ರ ದೊರೆಯಿತು. ಆದುದರಿಂದ ಎಲ್ಲವನ್ನೂ ಚರ್ಚಿನ ಲೆಕ್ಕಕ್ಕೇ ಬರೆದುಕೊಳ್ಳುವುದು ಸರಿಯಲ್ಲ. ಆದರೆ ಆಳುವವರೂ ಆಳಿಸಿಕೊಳ್ಳುವವರೂ ದೇವದೂತರಲ್ಲ ಎಂಬುದನ್ನು ಗೃಹೀತವಾಗಿಟ್ಟುಕೊಂಡೇ, ಒಬ್ಬರ ಮಹತ್ವಾಕಾಂಕ್ಷೆಯನ್ನು ಇನ್ನೊಬ್ಬರ ಮಹತ್ವಾಕಾಂಕ್ಷೆಯಿಂದ ತಡೆಯಬೇಕೆಂದು 1788ರಲ್ಲಿ ಮ್ಯಾಡಿಸನ್ ವಾದಿಸಿದಾಗ, ಅದರಲ್ಲಿ ಗುರುವಿನ ಧ್ವನಿ ಕೇಳಿಸುತ್ತದೆ.

ನಮ್ಮಲ್ಲಿ ಮಂತ್ರಿಗಳು ಸಂಸತ್ತಿನ ಸದಸ್ಯರೇ ಆಗಿರಬೇಕು. ಅಮೆರಿಕದಲ್ಲಿ ಕಾಂಗ್ರೆಸ್ಸಿನ ಸದಸ್ಯರು ಅಧ್ಯಕ್ಷರ ಮಂತ್ರಿಗಳಾಗುವಂತಿಲ್ಲ; ಆಗಬೇಕಾದರೆ ಸದಸ್ಯತ್ವವನ್ನು ಬಿಡಬೇಕು. ಕಾಂಗ್ರೆಸ್ ಎಂಬ ಅಲ್ಲಿನ ಶಾಸಕಾಂಗಕ್ಕೆ ಎರಡು ಮನೆಗಳು. ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರು, ಅವಧಿ ಎರಡು ವರ್ಷ. ಸ್ಥಾನಗಳ ಹಂಚಿಕೆ ಜನಸಂಖ್ಯೆಗೆ ಅನುಗುಣವಾಗಿ. ಸೆನೆಟ್ಟಿನಲ್ಲಿ 100 ಸದಸ್ಯರು, ಅವಧಿ ಆರು ವರ್ಷ. ದೊಡ್ಡದಿರಲಿ ಚಿಕ್ಕದಿರಲಿ ರಾಜ್ಯಕ್ಕೆ ಇಬ್ಬರು. 2020ರ ಜನಗಣತಿಯಂತೆ ಸುಮಾರು 3 ಕೋಟಿ 95 ಲಕ್ಷ ಜನರಿದ್ದ ಕ್ಯಾಲಿಫೋರ್ನಿಯಕ್ಕೂ ಇಬ್ಬರು, 6 ಲಕ್ಷವೂ ಇಲ್ಲದ ವಯೋಮಿಂಗಿಗೂ ಇಬ್ಬರು. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಅವರನ್ನು ಆರಿಸುವುದು 538 ಮಂದಿಯ ಚುನಾಯಕ ಮಂಡಲಿ. ಗೆಲ್ಲಲು 270 ಮತಗಳು ಬೇಕು. 1951ರ ಇಪ್ಪತ್ತೆರಡನೆಯ ತಿದ್ದುಪಡಿಯ ಪ್ರಕಾರ ಯಾರನ್ನೂ ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರನ್ನಾಗಿ ಚುನಾಯಿಸುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು; ನಿವೃತ್ತಿಯ ವಯಸ್ಸಿಲ್ಲ.

ಇವುಗಳ ಪರಸ್ಪರ ಹಿಡಿತವನ್ನು ಗಮನಿಸಿ. ಮಸೂದೆಗೆ ಎರಡೂ ಮನೆಗಳ ಒಪ್ಪಿಗೆ ಬೇಕು. ಅಧ್ಯಕ್ಷರು ವೀಟೊ ಮಾಡಬಹುದು. ಮೂರನೇ ಎರಡು ಬಹುಮತದಿಂದ ಕಾಂಗ್ರೆಸ್ ಆ ವೀಟೊವನ್ನು ಮೀರಬಹುದು. ಸೇನೆಯ ದಂಡನಾಯಕರು ಅಧ್ಯಕ್ಷರು. ಯುದ್ಧ ಘೋಷಿಸುವ ಅಧಿಕಾರವೂ ಹಣದ ಥೈಲಿಯೂ ಕಾಂಗ್ರೆಸ್ಸಿನ ಕೈಯಲ್ಲಿವೆ. ನ್ಯಾಯಮೂರ್ತಿಗಳನ್ನು ಹೆಸರಿಸುವವರು ಅಧ್ಯಕ್ಷರು, ಒಪ್ಪಬೇಕಾದವರು ಸೆನೆಟರುಗಳು. ಹಾಗೆ ನೇಮಕಗೊಂಡ ನ್ಯಾಯಾಲಯ, ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಅಸಿಂಧುಗೊಳಿಸಬಲ್ಲದು. ಈ ಕೊನೆಯ ತತ್ತ್ವ 1803ರ ಮಾರ್ಬರಿ ಪ್ರಕರಣದಲ್ಲಿ ಸ್ಥಿರಪಟ್ಟಿತು. ಅಧ್ಯಕ್ಷರ ಮೇಲೆ ಪ್ರತಿನಿಧಿ ಸಭೆ ವಾಗ್ದಂಡನೆಯ ಆರೋಪ ಹೊರಿಸಬಹುದು, ವಿಚಾರಣೆ ಸೆನೆಟ್ಟಿನದು.

ಪ್ರವಾದಿ ನಾತಾನನು ದಾವೀದನ ಆಸ್ಥಾನಕ್ಕೆ ಹೋಗಿ, ಅಪರಾಧಿ ನೀನೇ ಎಂದು ಅರಸನ ಮುಖಕ್ಕೆ ಹೇಳಿದ ಪ್ರಸಂಗವಿದೆ. ಅರಸನ ಮೇಲೂ ಒಂದು ಕಾನೂನಿದೆ ಎಂಬುದು ಅದರ ಸಾರ. 1974ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಕಚೇರಿಯ ಧ್ವನಿಮುದ್ರಿಕೆಗಳನ್ನು ಒಪ್ಪಿಸಲು ನಿರಾಕರಿಸಿದಾಗ, ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ, ಅವನ್ನು ಒಪ್ಪಿಸಲೇಬೇಕೆಂದು ಜುಲೈ 24ರಂದು ತೀರ್ಪಿತ್ತರು. ಆ ಎಂಟು ಜನರಲ್ಲಿ ಮೂವರು ನಿಕ್ಸನ್ನರೇ ನೇಮಿಸಿದವರು. ಆಗಸ್ಟ್ 9ರಂದು ನಿಕ್ಸನ್ ಪದತ್ಯಾಗ ಮಾಡಿದರು. ನಾತಾನನ ಧೈರ್ಯವನ್ನು ವ್ಯಕ್ತಿಗೆ ಬಿಡದೆ ಸಂಸ್ಥೆಗೆ ಒಪ್ಪಿಸಿದುದು ಈ ಸಂವಿಧಾನದ ಸಾಧನೆ. ಆದರೆ ಯಂತ್ರ ತನ್ನಷ್ಟಕ್ಕೆ ತಾನೇ ನಡೆಯದು. 2024ರ ಜುಲೈ 1ರಂದು ಅದೇ ನ್ಯಾಯಾಲಯ, ಅಧಿಕೃತ ಕಾರ್ಯಗಳ ವಿಷಯದಲ್ಲಿ ಮಾಜಿ ಅಧ್ಯಕ್ಷರಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವಿಶಾಲವಾದ ರಕ್ಷಣೆ ಇದೆಯೆಂದು ಆರಕ್ಕೆ ಮೂರರ ಬಹುಮತದಿಂದ ಹೇಳಿತು. ಮನುಷ್ಯನ ಪಾಪಸ್ವಭಾವವನ್ನು ನಂಬುವ ಯಾರಿಗೂ ಈ ತೀರ್ಪು ಸಮಾಧಾನ ತರಲಾರದು.

ಗೋಡೆ ಕಟ್ಟಿದವರು ಯಾರು?

ಸಂವಿಧಾನದ ಆರನೆಯ ಅನುಚ್ಛೇದ, ಯಾವ ಸರ್ಕಾರಿ ಹುದ್ದೆಗೂ ಧಾರ್ಮಿಕ ಪರೀಕ್ಷೆಯನ್ನು ಒಡ್ಡಬಾರದೆಂದು ವಿಧಿಸುತ್ತದೆ. ಪ್ರಮಾಣ ಮಾಡಲು ಮನಸ್ಸೊಪ್ಪದವರು ದೃಢೀಕರಣ ಮಾಡಬಹುದು. ಆಣೆ ಇಡುವುದು ಯೇಸುವಿನ ಬೋಧನೆಗೆ ವಿರುದ್ಧವೆಂದು ನಂಬಿದ ಕ್ವೇಕರರಂಥವರಿಗೆ ಇದು ಆಸರೆಯಾಯಿತು. 1853ರಲ್ಲಿ ಫ್ರಾಂಕ್ಲಿನ್ ಪಿಯರ್ಸ್ ಹೀಗೆ ದೃಢೀಕರಿಸಿಯೇ ಅಧ್ಯಕ್ಷನಾದ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ಸತ್ಯನಿಷ್ಠೆಯ ದೃಢೀಕರಣ ಎಂಬ ಎರಡು ದಾರಿಗಳಿರುವುದನ್ನು ತಾವು ಬಲ್ಲಿರಿ.

ಮೊದಲನೆಯ ತಿದ್ದುಪಡಿಯ ಹಿನ್ನೆಲೆ ಇನ್ನೂ ಸ್ವಾರಸ್ಯಕರ. ವರ್ಜೀನಿಯದಲ್ಲಿ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚಾಗಿತ್ತು. ಪರವಾನಗಿಯಿಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟ್ ಪಾದ್ರಿಗಳು ಸೆರೆಮನೆ ಸೇರುತ್ತಿದ್ದರು. ನೆರೆಯ ಜಿಲ್ಲೆಯೊಂದರಲ್ಲಿ ಐದಾರು ಮಂದಿ ಹೀಗೆ ಬಂದಿಗಳಾಗಿರುವುದನ್ನು ಕುರಿತು ಯುವಕ ಮ್ಯಾಡಿಸನ್ 1774ರಲ್ಲಿ ಮಿತ್ರನಿಗೆ ರೋಷದಿಂದ ಬರೆದ ಪತ್ರ ಉಳಿದಿದೆ. 1784ರಲ್ಲಿ ಪ್ಯಾಟ್ರಿಕ್ ಹೆನ್ರಿ, ಕ್ರೈಸ್ತ ಬೋಧಕರ ಪೋಷಣೆಗೆ ತೆರಿಗೆ ಎತ್ತುವ ಮಸೂದೆಗೆ ಮುಂದಾದ. ತೆರಿಗೆ ಯಾವ ಚರ್ಚಿಗೆ ಸಲ್ಲಬೇಕೆಂಬುದನ್ನು ತೆರುವವನೇ ಆರಿಸಬಹುದಾಗಿತ್ತು. ಮೇಲುನೋಟಕ್ಕೆ ಉದಾರವಾದ ಮಸೂದೆ. ಮ್ಯಾಡಿಸನ್ 1785ರಲ್ಲಿ ಅದನ್ನು ವಿರೋಧಿಸಿ ಮನವಿ ಬರೆದ: ಇಂದು ಕ್ರೈಸ್ತ ಧರ್ಮವನ್ನು ಎತ್ತಿ ಹಿಡಿಯಬಲ್ಲ ಅಧಿಕಾರ, ನಾಳೆ ಅದರ ಒಂದೇ ಪಂಥವನ್ನು ಎತ್ತಿ ಹಿಡಿದು ಉಳಿದವನ್ನು ತುಳಿಯಬಲ್ಲದು, ರಾಜಾಶ್ರಯವಿಲ್ಲದೆಯೇ ಬೆಳೆದ ಧರ್ಮಕ್ಕೆ ಸರ್ಕಾರದ ಊರುಗೋಲೇಕೆ? ಬ್ಯಾಪ್ಟಿಸ್ಟರೂ ಪ್ರೆಸ್ಬಿಟೇರಿಯನ್ನರೂ ಸಾವಿರಾರು ಸಹಿಗಳ ಮನವಿಗಳನ್ನು ಸಲ್ಲಿಸಿದರು. ಮಸೂದೆ ಬಿತ್ತು, 1786ರಲ್ಲಿ ಜೆಫರ್ಸನ್ ರಚಿಸಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಗೆದ್ದಿತು.

ಮೊದಲ ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಮ್ಯಾಡಿಸನ್ನನಿಗೆ ಬ್ಯಾಪ್ಟಿಸ್ಟರ ಮತಗಳು ಬೇಕಾಗಿದ್ದವು. ಮನಸ್ಸಾಕ್ಷಿಯ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಲು ಶ್ರಮಿಸುವುದಾಗಿ 1789ರ ಜನವರಿಯಲ್ಲಿ ಆತ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿಗೆ ಪತ್ರದಲ್ಲಿ ಮಾತು ಕೊಟ್ಟು, ಗೆದ್ದ ಮೇಲೆ ನಡೆಸಿಯೂ ಕೊಟ್ಟ. 1791ರ ಡಿಸೆಂಬರ್ 15ರಂದು ಜಾರಿಗೆ ಬಂದ ಹಕ್ಕುಗಳ ಸನ್ನದಿನ ಮೊದಲ ತಿದ್ದುಪಡಿ, ಕಾಂಗ್ರೆಸ್ ಯಾವ ಧರ್ಮವನ್ನೂ ರಾಜಧರ್ಮವಾಗಿ ಸ್ಥಾಪಿಸಬಾರದು, ಧರ್ಮಾಚರಣೆಯನ್ನು ತಡೆಯಲೂ ಬಾರದು ಎನ್ನುತ್ತದೆ. ಚರ್ಚು ಮತ್ತು ಪ್ರಭುತ್ವಗಳ ನಡುವಿನ ‘ಗೋಡೆ’ ಎಂದು ಜೆಫರ್ಸನ್ 1802ರ ಜನವರಿ 1ರಂದು ಬರೆದುದೂ ಕನೆಕ್ಟಿಕಟ್ಟಿನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಏಕೆಂದರೆ ಅಲ್ಲಿ ಆಗಲೂ ಬೇರೊಂದು ಪಂಥ ಸರ್ಕಾರಿ ಚರ್ಚಾಗಿತ್ತು. ರಾಜ್ಯಗಳ ಇಂಥ ಚರ್ಚುಗಳಲ್ಲಿ ಕೊನೆಯದು ಮ್ಯಾಸಚೂಸೆಟ್ಸಿನಲ್ಲಿ 1833ರಲ್ಲಿ ಅಂತ್ಯಗೊಂಡಿತು. ಗೋಡೆಯನ್ನು ಕಟ್ಟಿದವರು ನಾಸ್ತಿಕರು ಎಂಬ ಮಾತು ಇತಿಹಾಸಕ್ಕೆ ವಿರುದ್ಧವಾದುದು. ಸೆರೆಮನೆಯ ರುಚಿ ಕಂಡ ಭಕ್ತರು ಅದಕ್ಕೆ ಕಲ್ಲು ಹೊತ್ತರು.

ನಂಬಿಕೆ ಸೋತ ಕಡೆ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸತ್ಯಕ್ಕೆ ಮಾಡಿದ ಅಪಚಾರವಾದೀತು. ಎಲ್ಲರೂ ಸಮಾನರಾಗಿ ಸೃಷ್ಟಿಯಾದವರೆಂದು ಬರೆದ ಜೆಫರ್ಸನ್ ನೂರಾರು ಗುಲಾಮರ ಒಡೆಯನಾಗಿದ್ದ. ಮ್ಯಾಡಿಸನ್ನನೂ ಗುಲಾಮರನ್ನು ಇಟ್ಟುಕೊಂಡಿದ್ದ. 1787ರ ಸಂವಿಧಾನ ‘ಗುಲಾಮ’ ಎಂಬ ಶಬ್ದವನ್ನು ಬಳಸದೆಯೇ, ಪ್ರಾತಿನಿಧ್ಯದ ಲೆಕ್ಕದಲ್ಲಿ ಗುಲಾಮನನ್ನು ಐದರಲ್ಲಿ ಮೂರು ಪಾಲೆಂದು ಎಣಿಸಿತು. ಮೊದಲ ನಂಬಿಕೆಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಇದನ್ನು ಸತ್ಯವೇದದ ವಾಕ್ಯಗಳಿಂದಲೇ ಸಮರ್ಥಿಸಿದ ಪಾದ್ರಿಗಳಿದ್ದರು. ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಸೇರಿದ ಬ್ಯಾಪ್ಟಿಸ್ಟರ ವಂಶಸ್ಥರೇ ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಡೆದು, 1845ರಲ್ಲಿ ದಕ್ಷಿಣದವರ ಪ್ರತ್ಯೇಕ ಒಕ್ಕೂಟವನ್ನು ಕಟ್ಟಿಕೊಂಡರು.

ಅಂತರ್ಯುದ್ಧದ ರಕ್ತಪಾತದ ಅನಂತರವೇ ಗುಲಾಮಗಿರಿಯನ್ನು ರದ್ದುಪಡಿಸಿದ 13ನೆಯ ತಿದ್ದುಪಡಿ 1865ರಲ್ಲಿಯೂ, ಕಾನೂನಿನ ಸಮಾನ ರಕ್ಷಣೆಯ ಭರವಸೆಯಿತ್ತ 14ನೆಯದು 1868ರಲ್ಲಿಯೂ, ಜನಾಂಗ ಮತ್ತು ವರ್ಣದ ಕಾರಣದಿಂದ ಮತಾಧಿಕಾರ ನಿರಾಕರಿಸಬಾರದೆಂಬ 15ನೆಯದು 1870ರಲ್ಲಿಯೂ ಬಂದವು. ಕಾಗದದ ಮೇಲಿನ ಆ ಭರವಸೆ ನೆಲಕ್ಕಿಳಿಯಲು ಮತ್ತೆ ಸುಮಾರು ನೂರು ವರ್ಷ ಹಿಡಿಯಿತು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪ್ರಸಿದ್ಧ ಪತ್ರ ಸರ್ಕಾರಕ್ಕೆ ಬರೆದುದಲ್ಲ. ತಾಳ್ಮೆಯಿಂದಿರೆಂದು ಬುದ್ಧಿ ಹೇಳಿದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಬರೆದುದು. ಕಿಂಗ್ ಅವರೂ ಬ್ಯಾಪ್ಟಿಸ್ಟ್ ಪಾದ್ರಿಯೇ. 1964ರ ನಾಗರಿಕ ಹಕ್ಕುಗಳ ಕಾಯಿದೆಯೂ 1965ರ ಮತಾಧಿಕಾರದ ಕಾಯಿದೆಯೂ ಆ ಹೋರಾಟದ ಫಲ. ಚರ್ಚು ಪ್ರಭುತ್ವದ ಮಗ್ಗುಲಲ್ಲಿ ಕುಳಿತಾಗ ಮೂಕವಾಗಿತ್ತು. ಸೆರೆಮನೆಯಲ್ಲಿ ಕುಳಿತಾಗ ಮಾತನಾಡಿತು.

ಮಾತೃಭಾಷೆ, ಧ್ವಜ ಮತ್ತು ಅಲ್ಪಸಂಖ್ಯಾತರು

ಹೊರನಾಡಿನಲ್ಲಿ ನೆಲೆಸಿರುವ ನಮಗೆ ತೀರ ಹತ್ತಿರವಾದ ಎರಡು ಪ್ರಕರಣಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಶತ್ರುವಾದುದರಿಂದ ಅಮೆರಿಕದಲ್ಲಿ ಜರ್ಮನ್ ಭಾಷೆಯೇ ಅಪರಾಧಿಯಾಯಿತು. ನೆಬ್ರಾಸ್ಕ ರಾಜ್ಯ 1919ರಲ್ಲಿ, ಎಂಟನೆಯ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಆಧುನಿಕ ಭಾಷೆಯನ್ನು ಶಾಲೆಯಲ್ಲಿ ಕಲಿಸಬಾರದೆಂದು ಕಾನೂನು ಮಾಡಿತು. ಲೂಥರನ್ ಚರ್ಚಿನ ಶಾಲೆಯೊಂದರ ಉಪಾಧ್ಯಾಯ ರಾಬರ್ಟ್ ಮೆಯರ್, ಹತ್ತು ವರ್ಷದ ಬಾಲಕನಿಗೆ ಸತ್ಯವೇದದ ಕಥೆಗಳ ಪುಸ್ತಕದಿಂದ ಜರ್ಮನ್ ಓದು ಕಲಿಸಿದ್ದಕ್ಕಾಗಿ 25 ಡಾಲರ್ ದಂಡಕ್ಕೆ ಗುರಿಯಾದರು. ವಲಸೆ ಬಂದ ಆ ರೈತರಿಗೆ ಪ್ರಾರ್ಥನೆಯ ಭಾಷೆ ಜರ್ಮನ್. ಅದು ಮಕ್ಕಳಿಗೆ ಬರದಿದ್ದರೆ ತಂದೆತಾಯಿಗಳೊಡನೆ ಒಂದೇ ಪೀಠದಲ್ಲಿ ಕುಳಿತೂ ಅವರು ಪರಕೀಯರಾಗುತ್ತಿದ್ದರು. 1923ರಲ್ಲಿ ಸುಪ್ರೀಂ ಕೋರ್ಟ್ ಆ ದಂಡನೆಯನ್ನು ರದ್ದುಪಡಿಸಿತು. ಇಂಗ್ಲಿಷನ್ನು ಕಲಿಸಬೇಕೆನ್ನುವುದು ಸರಿ. ಆದರೆ ಮಕ್ಕಳಿಗೆ ತಮ್ಮ ಭಾಷೆಯನ್ನು ಕಲಿಸುವ ತಂದೆತಾಯಿಗಳ ಸ್ವಾತಂತ್ರ್ಯವನ್ನು 14ನೆಯ ತಿದ್ದುಪಡಿ ರಕ್ಷಿಸುತ್ತದೆ ಎಂಬುದು ತೀರ್ಪಿನ ಸಾರಾಂಶ. ಗುಲಾಮಗಿರಿಯ ಪಾಪ ಪರಿಹಾರಕ್ಕೆ ಬಂದ ತಿದ್ದುಪಡಿ, ಒಂದು ಚಿಕ್ಕ ಶಾಲೆಯ ಮಾತೃಭಾಷೆಯನ್ನು ಉಳಿಸಿತು.

ಎರಡನೆಯದು ಯೆಹೋವನ ಸಾಕ್ಷಿಗಳೆಂಬ ಪಂಥದ ಮಕ್ಕಳದು. ದೇವರಿಗಲ್ಲದೆ ಯಾವುದಕ್ಕೂ ವಂದಿಸಲಾರೆವೆಂದು ಅವರು ಶಾಲೆಯಲ್ಲಿ ಧ್ವಜವಂದನೆ ಮಾಡಲಿಲ್ಲ. 1940ರ ಗೊಬೈಟಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಮಕ್ಕಳ ವಿರುದ್ಧ ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ಅದರ ಬೆನ್ನಲ್ಲೇ ದೇಶದ ಹಲವೆಡೆ ಆ ಪಂಥದವರ ಮೇಲೆ ಹಲ್ಲೆಗಳಾದವು. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಯುದ್ಧ ನಡೆಯುತ್ತಿರುವಾಗಲೇ, ಬಾರ್ನೆಟ್ ಪ್ರಕರಣದಲ್ಲಿ ನ್ಯಾಯಾಲಯ ತನ್ನ ತೀರ್ಪನ್ನು ತಾನೇ ತಿರುಗಿಸಿತು. ಕೆಲವು ಹಕ್ಕುಗಳು ಮತ ಎಣಿಕೆಗೆ ಒಳಪಡತಕ್ಕವಲ್ಲ ಎಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಸ್ಪಷ್ಟಪಡಿಸಿದರು. ಫ್ರಾಂಕ್‌ಫರ್ಟರ್ ಭಿನ್ನಮತವನ್ನೇ ಬರೆದರು.

ಇದೇ ಫ್ರಾಂಕ್‌ಫರ್ಟರರನ್ನು 1947ರಲ್ಲಿ ವಾಷಿಂಗ್ಟನ್ನಿನಲ್ಲಿ ಭೇಟಿಯಾದವರು ನಮ್ಮ ಸಂವಿಧಾನ ಸಭೆಯ ಸಲಹೆಗಾರರೂ ಮಂಗಳೂರಿನಲ್ಲಿ ಹುಟ್ಟಿದವರೂ ಆದ ಬೆನಗಲ್ ನರಸಿಂಗ ರಾಯರು. ಅಮೆರಿಕದ ‘ಕಾನೂನಿನ ಯುಕ್ತ ಪ್ರಕ್ರಿಯೆ’ ಎಂಬ ನುಡಿಗಟ್ಟು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆಂಬ ಫ್ರಾಂಕ್‌ಫರ್ಟರರ ಅಭಿಪ್ರಾಯ ರಾಯರ ಮೇಲೆ ಪ್ರಭಾವ ಬೀರಿತು. ನಮ್ಮ 21ನೆಯ ಅನುಚ್ಛೇದದಲ್ಲಿ ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂಬ ಪದಗಳು ಬಂದವು. ಮೆಯರ್ ಉಪಾಧ್ಯಾಯರನ್ನು ಉಳಿಸಿದ್ದು ಆ ಬಿಟ್ಟುಹೋದ ನುಡಿಗಟ್ಟೇ ಎಂಬುದು ಗಮನಾರ್ಹ. ಆದರೆ ನಮ್ಮ ಸಂವಿಧಾನಕರ್ತರು ಆ ರಕ್ಷಣೆಯನ್ನು ಬೇರೆ ದಾರಿಯಿಂದ ಕೊಟ್ಟರು. 29 ಮತ್ತು 30ನೆಯ ಅನುಚ್ಛೇದಗಳಲ್ಲಿ ಭಾಷಾ ಅಲ್ಪಸಂಖ್ಯಾತರನ್ನು ನೇರವಾಗಿಯೇ ಪರಿಗಣಿಸಿದರು. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂಬಂಧಿಸಿದ 350ಎ ಅನುಚ್ಛೇದವೂ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ಅನುಚ್ಛೇದವೂ ಸೇರಿದವು. ಮುಂದೆ 1986ರಲ್ಲಿ, ರಾಷ್ಟ್ರಗೀತೆಗೆ ಎದ್ದು ನಿಂತು ಗೌರವ ಸಲ್ಲಿಸಿ, ಹಾಡದೆ ಇದ್ದ ಕಾರಣಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಅದೇ ಪಂಥದ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸುವಾಗ, ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಬಾರ್ನೆಟ್ ತೀರ್ಪನ್ನು ಉಲ್ಲೇಖಿಸಿದರು. ಅಟ್ಲಾಂಟಿಕ್ ಆಚೆಯ ಮಕ್ಕಳ ಮನಸ್ಸಾಕ್ಷಿ ಅರಬ್ಬೀ ಸಮುದ್ರ ತೀರದ ಮಕ್ಕಳಿಗೆ ನೆರಳಾಯಿತು.

ಉಪಸಂಹಾರ

ಅಮೆರಿಕವನ್ನು ಕ್ರೈಸ್ತ ರಾಷ್ಟ್ರವೆಂದು ಘೋಷಿಸಬೇಕೆಂಬ ಕೂಗು ಇತ್ತೀಚಿನ ವರ್ಷಗಳಲ್ಲಿ ಬಲವಾಗಿದೆ. 2024ರಲ್ಲಿ ಲೂಯಿಸಿಯಾನ ರಾಜ್ಯ, ಸಾರ್ವಜನಿಕ ಶಾಲೆಗಳ ಪ್ರತಿ ತರಗತಿಯಲ್ಲೂ ದಶಾಜ್ಞೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿತು. ಅಂಥದೇ ಕೆಂಟಕಿಯ ಕಾನೂನನ್ನು ಸುಪ್ರೀಂ ಕೋರ್ಟ್ 1980ರಲ್ಲಿಯೇ ತಳ್ಳಿಹಾಕಿತ್ತು. ಲೂಯಿಸಿಯಾನದ ಕಾನೂನನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದ ತಂದೆತಾಯಿಗಳಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಗಳೂ ಇದ್ದರು. ಅವರಿಗೆ ದಶಾಜ್ಞೆಗಳು ಬೇಡವಾಗಿರಲಿಲ್ಲ. ತಮ್ಮ ಮಕ್ಕಳಿಗೆ ಅವನ್ನು ಬೋಧಿಸುವ ಹೊಣೆಯನ್ನು ಸರ್ಕಾರಕ್ಕೆ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ರೋಜರ್ ವಿಲಿಯಮ್ಸನ ಸಂತತಿ ಅಳಿದಿಲ್ಲವೆಂದು ನನಗೆ ಸಂತೋಷವಾಗುತ್ತದೆ.

ಒಂದು ದೇಶದಲ್ಲಿ ಬಹುಸಂಖ್ಯಾತರಾಗಿರುವ ಕ್ರೈಸ್ತರು ಇನ್ನೊಂದು ದೇಶದಲ್ಲಿ ಅಲ್ಪಸಂಖ್ಯಾತರು. ಒಂದು ರಾಜ್ಯದಲ್ಲಿ ಬಹುಸಂಖ್ಯಾತರಾಗಿರುವ ಕನ್ನಡಿಗರು ಇನ್ನೊಂದು ರಾಜ್ಯದಲ್ಲಿ ಅಲ್ಪಸಂಖ್ಯಾತರು. ಇಲ್ಲಿ ಕುಳಿತು ನಮಗಾಗಿ ಏನನ್ನು ಕೇಳುತ್ತೇವೆಯೋ ಅದನ್ನೇ ನಮ್ಮ ಸ್ವಂತ ನಾಡಿನಲ್ಲಿ ಪರರಿಗೆ ಕೊಡಲು ಸಿದ್ಧರಿರಬೇಕು. ಪರರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನು ಅವರಿಗೆ ಮಾಡಿ ಎಂಬ ಯೇಸುವಿನ ಬೋಧನೆಯ ರಾಜಕೀಯ ಅನುವಾದ ಇದೇ. ಅಧಿಕಾರ ಯಾರ ಕೈಯಲ್ಲಿದ್ದರೂ, ಅದು ನಮ್ಮವರ ಕೈಯಲ್ಲೇ ಇದ್ದರೂ, ಅದನ್ನು ಶಂಕಿಸುವ ಎಚ್ಚರವೂ, ಎದುರಿಗಿರುವವನು ಯಾರೇ ಆದರೂ ಅವನಲ್ಲಿ ದೇವರ ಸ್ವರೂಪವನ್ನು ಕಾಣುವ ವಿನಯವೂ ಇದ್ದ ಕಡೆ ಸಂವಿಧಾನ ಬಾಳುತ್ತದೆ.